ಮಂಚದ ಮೇಲಿನ ಲೋಟಗಳು

ಜೂನ್ 11, ಬೆಳಿಗ್ಗೆ

ಕೇಪರ್ ಗಿಡದ ಮೊಗ್ಗು ಬಿಡಿಸಿ, ಅಡುಗೆಗೆಂದು ಉಪ್ಪಿಗೆ ಹಾಕಿದೆ. ಅಂಗಳ ಗುಡಿಸಿದೆ. ಬೆಂಕಿ ಉಗುಳುವ ಬೆಟ್ಟದ ಬೂದಿ ಒಂದು ಚಿಟಿಕೆಯೂ ಬಿದ್ದಿಲ್ಲ. ನಿನ್ನೆಯೂ ಇರಲಿಲ್ಲ. ಪೊರಕೆಗೆ ಕೆಲಸವಿಲ್ಲದ್ದು ಮನಸ್ಸಿಗೆ ಹಿಡಿಸಲಿಲ್ಲ.

ಗಯೆತಾನೋ ಇನ್ನೂ ಮಲಗಿದ್ದಾನೆ. ಈ ದ್ವೀಪದಿಂದ ಮೆಲ್ಬರ್ನ್‌ಗೆ ಹಡಗು ಹತ್ತಿದಾಗ ಚಡ್ಡಿ ಹುಡುಗ; ತಿರುಗಿ ಬಂದಿರುವವನು ಬೋಳುತಲೆಯ ಮುದುಕ, ಕೈಯಲ್ಲಿ ಪ್ರವಾಸಿಗರ ಮ್ಯಾಪು. ಕಪ್ಪು ಮರಳಿನ ತೀರ ನೋಡಿಯಾಯಿತು. ಲಾವಾ ಉರುಳುವ ಇಳಿಜಾರನ್ನು ದೋಣಿಯಿಂದ ನೋಡುವುದು, ಆಮೇಲೆ ಬೆಟ್ಟ ಹತ್ತುವುದು... ಇವೆರಡು ಬಾಕಿಯಂತೆ. ಹುಟ್ಟೂರನ್ನು ಟಿಕೆಟ್ ತೆಗೆದು ನೋಡುತ್ತಿದ್ದಾನೆ, ನನ್ನ ತಮ್ಮ.

ಜೂನ್ 12, ಸಂಜೆ

ದೋಣಿಗೆ ನನ್ನನ್ನೂ ಎಳೆದುಕೊಂಡು ಹೋದ. ಇಷ್ಟು ವರ್ಷ ಇಲ್ಲೇ ಇದ್ದೂ ಪ್ರವಾಸಿಗರ ದೋಣಿ ಹತ್ತಿದವಳಲ್ಲ. ಇಳಿಜಾರಿನ ಕೆಳಗೆ ಎಂಜಿನ್ ನಿಲ್ಲಿಸಿದರು. ಎಲ್ಲರೂ ಫೋನ್ ಎತ್ತಿ ಹಿಡಿದು ಕಾದರು. ಕಿಡಿಯಿಲ್ಲ. ಒಂದು ಕಲ್ಲೂ ಉರುಳಲಿಲ್ಲ.

"ಏನಕ್ಕಾ, ನಿಮ್ಮೋನು ಮುಷ್ಕರ ಹೂಡಿದಾನಾ?" ಎಂದ ಗಯೆತಾನೋ.

ದೋಣಿ ನಡೆಸುವಾತ ಈ ಊರಿನವ. ನಗಲಿಲ್ಲ.

ಬೆಟ್ಟವನ್ನು ನಾವು ಹೆಸರು ಹಿಡಿದು ಕರೆಯುವುದಿಲ್ಲ. 'ಅವನು', ಅಷ್ಟೇ. ಕಾಲು ಗಂಟೆಗೊಮ್ಮೆ ಕೆಮ್ಮುತ್ತಾನೆ. ಆ ಕೆಮ್ಮಿನ ನಡುವೆಯೇ ನಮ್ಮ ಊಟ, ಜಗಳ, ನಿದ್ದೆ. ಕೆಮ್ಮು ನಿಂತರೆ ನಿದ್ದೆಯೂ ಹೋಯಿತು.

ಜೂನ್ 14, ಬೆಳಿಗ್ಗೆ

ಇನ್ನೂ ಸದ್ದಿಲ್ಲ. ಅಮ್ಮ ಮಾಡುತ್ತಿದ್ದ ಹಾಗೆ ಗಾಜಿನ ಲೋಟಗಳನ್ನೆಲ್ಲ ಕಪಾಟಿನಿಂದ ಇಳಿಸಿ, ಮಂಚದ ಮೇಲೆ ಕಂಬಳಿ ಹಾಸಿ ಇಟ್ಟೆ. ಕಿಟಕಿಗಳನ್ನು ತೆರೆದೆ. ಹೀಗೆ ಸುಮ್ಮನಿದ್ದು ಅವನು ಒಮ್ಮೆಲೇ ಗರ್ಜಿಸಿದರೆ ಕಪಾಟಿನ ಲೋಟವೂ ಮುಚ್ಚಿದ ಕಿಟಕಿಯ ಗಾಜೂ ಉಳಿಯುವುದಿಲ್ಲ. ನನಗೆ ಇನ್ನು ಬೆಂಚೇ ಹಾಸಿಗೆ.

ಗಯೆತಾನೋ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಲೋಟಕ್ಕೆ ಜ್ವರ ಬಂದಿದ್ಯೇನಕ್ಕಾ?"

"ನಗು, ನಗು. ಅವನು ಸುಮ್ನಾಗಿದಾನೆ ಕಣೋ."

"ಸುಮ್ನಿದ್ರೆ ಒಳ್ಳೇದೇ ಅಲ್ವಾ? ಹತ್ತೋಕೆ ಇದಕ್ಕಿಂತ ಒಳ್ಳೇ ಹೊತ್ತು ಬೇಕಾ?"

"ಇದು ದೋಣಿ ಇಳಿದು ಬಂದೋರ ಮಾತು. ನೀನು ಆಡ್ಬಾರ್ದು."

"ಗೈಡುಗಳ ಆಫೀಸಿನ ಬೋರ್ಡಲ್ಲಿ ಹತ್ತಬಹುದು ಅಂತ ಹಸಿರು ಹಾಕಿದಾರೆ. ನಾಳೆ ಹೋಗ್ತೀನಿ."

ಆಮೇಲೆ ತನ್ನ ಕೋಣೆಯ ಕಿಟಕಿ ಮುಚ್ಚಿದ. ಸೊಳ್ಳೆ ಬರುತ್ತವಂತೆ. ಹೊರಗೆ ಹೋದ ಮೇಲೆ ಮತ್ತೆ ತೆರೆದೆ.

ಜೂನ್ 15, ಮಧ್ಯಾಹ್ನ

ಹೋದ. ಹೆಲ್ಮೆಟ್ಟು, ಬಾಡಿಗೆ ಬೂಟು, ಕೋಲು. ಗೈಡು ಮಿರೆಲ್ಲಾ, ಹಿಂದಿನ ಓಣಿಯ ಅಸ್ಸುಂತಾಳ ಮೊಮ್ಮಗಳು. ಅವಳನ್ನೇ ತಡೆದು, ಇವತ್ತು ಹತ್ತಲೇಬೇಕಾ ಎಂದು ಕೇಳಿದೆ.

"ಬೋರ್ಡು ಹಸಿರಿದೆ ಅಜ್ಜೀ. ಜನಕ್ಕೆ ಏನಂತ ಹೇಳ್ಲಿ?"

ಹಾಗೆನ್ನುವಾಗ ಬೆಟ್ಟವನ್ನೇ ನೋಡುತ್ತಿದ್ದಳು.

ತಮ್ಮನಿಗೆ ಕೈ ಮುಗಿದು 'ಹೋಗಬೇಡ' ಅನ್ನಬೇಕೆಂದಿದ್ದೆ. ಬಾಯಿಂದ ಬಂದದ್ದು, "ನೀರು ತಗೊಂಡ್ಯೇನೋ?"

ಜೂನ್ 15, ಸಂಜೆ

ಅಂಗಳದಿಂದ ಕಾಣುತ್ತಾರೆ. ಹಳದಿ ಹೆಲ್ಮೆಟ್ಟುಗಳ ಸಾಲು. ಪೊದೆಗಳನ್ನು ದಾಟಿ ಬೋಳು ಬೂದಿಗೆ ಬಂದರು. ಹಕ್ಕಿಯ ಸದ್ದಿಲ್ಲ. ನಾಯಿಗಳೂ ಬೊಗಳುತ್ತಿಲ್ಲ.

ನಿಂತರು. ಯಾಕೆ ನಿಂತರು? ಫೋಟೋಗೋ... ಯಾರಾದರೂ ಬಿದ್ದರೋ... ಗಯೆತಾನೋಗೆ ಎದೆ ನೋವೋ?

ಒಲೆ ಆರಿಸಿ ಬಂದೆ. ಸಾಲು ತಿರುಗಿದೆ. ಇಳಿಯುತ್ತಿದೆ! ದೇವರೇ, ಬೇಗ. ಬೇಗ ಇಳಿಯಿರಿ.

ಅದೇ ದಿನ, ಕತ್ತಲಾಗುವ ಹೊತ್ತು

ಬಂದ. ಎಲ್ಲರೂ ಇಳಿದರು. ಬೂಟು ತುಂಬ ಬೂದಿ. ನೀರಿಗೆಂದು ಕಪಾಟಿಗೆ ಕೈ ಹಾಕಿದ, ಖಾಲಿ. ತಗಡಿನ ಮಗ್ಗಿನಲ್ಲಿ ಕೊಟ್ಟೆ.

"ಮೇಲೆ ಸದ್ದೇ ಇಲ್ಲ ಅಕ್ಕಾ. ನನ್ನ ಉಸಿರು ನಂಗೇ ಕೇಳಿಸ್ತಿತ್ತು. ಆಗ ಅಮ್ಮ ನೆನಪಾದ್ಳು. ನಾವಿಬ್ರೂ ನೆಲದ ಮೇಲೆ ಮಲಗ್ತಿದ್ವಿ, ಮಂಚದ ತುಂಬ ಲೋಟ... ಹೌದಲ್ವಾ?"

"ಹೌದಪ್ಪಾ."

"ಮರೆತೇ ಬಿಟ್ಟಿದ್ದೆ. ಅಕ್ಕನ ಮಂಚದ ಮೇಲೆ ಲೋಟ ಇವೆ ಅಂತ ಆ ಹುಡುಗೀಗೆ ಅಂದೆ. ಅಲ್ಲೇ ನಿಂತ್ಬಿಟ್ಳು. 'ನಮ್ಮಜ್ಜಿ ಮಂಚದ ಮೇಲೂ ಇವೆ' ಅಂದ್ಳು. ಅಷ್ಟೇ. ಎಲ್ರ ಕೈಲೂ ಬೈಸ್ಕೊಂಡು, ಎಲ್ರನ್ನೂ ಇಳಿಸಿದ್ಳು."

ಅವನ ಬೋಳುತಲೆಯ ಮೇಲೆ ಕೈಯಿಟ್ಟೆ.

ಈಗ ತಾನಾಗಿಯೇ ಎದ್ದು ಹೋಗಿ ತನ್ನ ಕೋಣೆಯ ಕಿಟಕಿ ಇನ್ನಷ್ಟು ಅಗಲ ತೆರೆಯುತ್ತಿದ್ದಾನೆ. ಸೊಳ್ಳೆ ಬಂದರೆ ಬರಲಿ ಅಂತೆ. ಗಾಳಿ ಒಂದು ಎಳೆಯೂ ಇಲ್ಲ. ಆದರೂ ಮಂಚದ ಮೇಲೆ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ—