ಅರ್ಧ ಮೇಲೆದ್ದ ಒಂಬತ್ತುಗಳು

ಅಫಜಲಪುರ
5-1-2025, ರವಿವಾರ

ಪ್ರೀತಿಯ ಅವ್ವನಿಗೆ,

ಮಧುಮತಿಯ ನಮಸ್ಕಾರ. ನಿನ್ನೆ ತಾನೆ ಫೋನಿನಲ್ಲಿ ಮಾತಾಡಿದವಳು ಇವತ್ತು ಪತ್ರ ಬರೆಯಲು ಕೂತಿದ್ದೇನೆ. ಈ ವಿಷಯವನ್ನು ಫೋನಿನಲ್ಲಿ ತೆಗೆದರೆ ನೀನು "ಇಡು ಫೋನ್" ಅನ್ನುತ್ತೀ. ಪತ್ರವನ್ನೂ ಹರಿದು ಒಲೆಗೆ ಹಾಕಬಹುದು. ಆದರೆ ಇಷ್ಟು ವರ್ಷ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು ನೀನು. ಕೈಗೆ ಬಂದ ಕಾಗದವನ್ನು ಪೂರ್ತಿ ಓದದೆ ಎಸೆದದ್ದನ್ನು ನಾನು ನೋಡಿಲ್ಲ.

ವಿಷಯ ನಮ್ಮ ಬಿಳಿ ಕಾರಿನದು. ನನ್ನ ಮದುವೆಗೆ ಆಳಂದದ ಮನೆಯ ಶೆಡ್ಡಿನಲ್ಲಿ ಅಡುಗೆಯ ಒಲೆ ಹೂಡಬೇಕು, ಗಾಡಿಯನ್ನು ಅಲ್ಲಿಂದ ಎತ್ತು, ಮಾರಿಬಿಡು ಎಂದು ದೀಪಾವಳಿಗೆ ನೀನು ಹೇಳಿದೆ. ನಾನು ಅದನ್ನು ಲಾರಿಯ ಮೇಲೆ ಹೇರಿಸಿ ಇಲ್ಲಿಗೆ ತಂದೆ. ನಾಲ್ಕು ವರ್ಷ ನಿಂತಲ್ಲೇ ನಿಂತ ಗಾಡಿ. ಬಸ್ ನಿಲ್ದಾಣದ ಹಿಂದಿನ ಲಾಡ್ಲೆಸಾಬ ಎಂಬ ಮೆಕ್ಯಾನಿಕ್ ಅದಕ್ಕೆ ಬ್ಯಾಟರಿ ಹಾಕಿ, ಟ್ಯಾಂಕು ತೊಳೆದು, ಒಂದು ವಾರ ಬೈದು, ಕೊನೆಗೆ ಎಂಜಿನ್ನು ಚಾಲೂ ಮಾಡಿದ. ಅದೇ ದಿನ ಚೌಡಾಪುರದ ತನಕ ನಾನೇ ಓಡಿಸಿ ನೋಡಿದೆ. ಬ್ರೇಕು ಸರಿ ಇತ್ತು. ವೇಗದ ಮುಳ್ಳು ನಲವತ್ತರ ಹತ್ತಿರ ಆಡುತ್ತಿತ್ತು. ಅದರ ಕೆಳಗಿನ ಕಿಟಕಿಯಲ್ಲಿ ಕಿಲೋಮೀಟರಿನ ಅಂಕಿಗಳು ಮಾತ್ರ ಹೋಗುವಾಗಲೂ ಬರುವಾಗಲೂ ಕದಲಲಿಲ್ಲ.

ಲಾಡ್ಲೆಸಾಬನಿಗೆ ಹೇಳಿದೆ. ಅವನು ನಕ್ಕ. "ಟೀಚರಮ್ಮಾ, ಮುಳ್ಳು ಆಡಾಕತ್ತದಲ್ರಿ. ಅಂಕಿ ತಗೊಂಡು ಏನ್ ಮಾಡ್ತೀರಿ? ಬೇಕಾದ್ರ ಹೇಳ್ರಿ, ಬಿಚ್ಚಿ ಹಿಂದಕ್ಕ ತಿರುವಿ ಮೂವತ್ತು ಸಾವಿರಕ್ಕ ಇಡ್ತೇನಿ. ಗಿರಾಕಿನೂ ಖುಷ್, ನೀವೂ ಖುಷ್" ಅಂದ. ಅದು ಸುಳ್ಳಾಗುತ್ತದೆ ಅಂದೆ. "ಗಾಡಿಗೇನ್ ಗೊತ್ತಾಗ್ತದ್ರಿ, ಅದು ಸಾಲಿಗಿ ಹೋಗ್ಯಾದೇನು?" ಅಂದ.

ನನಗೆ ಬೇಕಾಗಿದ್ದದ್ದು ಬೇರೆ. ಇದು ಎಂದಿನಿಂದ ನಿಂತಿದೆ ಎಂದು ತಿಳಿಯಬೇಕಿತ್ತು.

ಅವ್ವ, ಇಲ್ಲಿಂದ ಮುಂದೆ ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ನನಗೆ ಗೊತ್ತಿರುವುದೂ ಒಂದೇ ಹೌದೋ ಅಲ್ಲವೋ ನೋಡಬೇಕಾಗಿದೆ. ಅಪ್ಪ ಆ ಗಾಡಿಯನ್ನು ಗಾಣಗಾಪುರಕ್ಕೆ ಹೋಗುವ ಭಕ್ತರಿಗೆ ಬಾಡಿಗೆಗೆ ಓಡಿಸುತ್ತಿದ್ದ. ಗಾಡಿ ಹೊರಟಾಗ ಒಮ್ಮೆ, ಬಂದಾಗ ಒಮ್ಮೆ ನೀನು ಮೀಟರು ನೋಡಿ ಶೆಡ್ಡಿನ ಗೋಡೆಗೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದೆ. ವಾರ್ಡಿನಲ್ಲಿ ಜ್ವರದ ಅಂಕಿ ಬರೆದ ಹಾಗೆ. ಅಪ್ಪ ತಮಾಷೆ ಮಾಡುತ್ತಿದ್ದ: "ಗಾಡಿಗಿ ಜ್ವರ ಬಂದ್ರ ನಿಮ್ಮವ್ವಗ ಮೊದಲು ಗೊತ್ತಾಗ್ತದ."

ನಾಲ್ಕು ವರ್ಷದ ಹಿಂದೆ ಜೋಳ ಕೊಯ್ದು ರಾಶಿ ಮಾಡುವ ಹೊತ್ತಿನಲ್ಲಿ ನಿನ್ನ ತವರು ಹಿರೋಳ್ಳಿಯಲ್ಲಿ ರೇವಮ್ಮಜ್ಜಿಗೆ ಎದೆನೋವು ಬಂದಿತ್ತು. ನಿನಗೆ ಡ್ಯೂಟಿ ಬಿಡಲು ಆಗಲಿಲ್ಲ. ಹೋಗಿ ನಮ್ಮವ್ವನನ್ನು ಕರೆದುಕೊಂಡು ಬಾ, ಇಲ್ಲೇ ತೋರಿಸೋಣ ಎಂದು ಅಪ್ಪನನ್ನು ಕಳಿಸಿದೆ. ಸಂಜೆ ಅಪ್ಪ ಒಬ್ಬನೇ ಬಂದ. "ರಾಶಿ ಮುಗೀಲಿ, ಆಮ್ಯಾಲ ಬರ್ತೇನಿ ಅಂದ್ಳು. ಎಷ್ಟು ಹೇಳಿದ್ರೂ ಕೇಳಲಿಲ್ಲ" ಅಂದ. ಮರುದಿನ ಅಜ್ಜಿ ತೀರಿಹೋದಳು. ಊರಿನಿಂದ ಬಂದ ಜೀಪಿನಲ್ಲಿ ಮಣ್ಣಿಗೆ ಹೋದಾಗ ನಿನ್ನ ತಮ್ಮ ಹಣಮಂತರಾಯ ಮಾಮ, ನಾವೆಲ್ಲ ಹೊಲದಲ್ಲಿದ್ದೆವು, ಯಾರೂ ಬಂದದ್ದನ್ನು ನೋಡಲಿಲ್ಲ ಎಂದ. ನೀನು ಮನೆಗೆ ಬಂದು ಗೋಡೆ ನೋಡಿದೆ. ಬೆಳಿಗ್ಗೆ 69988. ಸಂಜೆ 69999. ಹಿರೋಳ್ಳಿಯ ಅರ್ಧ ದಾರಿಗೂ ಸಾಲದ ಲೆಕ್ಕ. ಎಲ್ಲೋ ಐದಾರು ಕಿಲೋಮೀಟರು ಹೋಗಿ, ಹರಟೆ ಹೊಡೆದು ತಿರುಗಿ ಬಂದಿದ್ದೀ, ಸತ್ತವಳ ಬಾಯಲ್ಲಿ ಮಾತು ತುರುಕುತ್ತೀ ಎಂದು ಅಪ್ಪನಿಗೆ ಅಂದೆ. ಅಪ್ಪ "ಹೋಗಿದ್ದೆ" ಅಂದ. ಒಂದೇ ಸಲ ಅಂದ. ಅಜ್ಜಿಯ ದಿನಗಳು ಮುಗಿಯುತ್ತಲೇ ಚೀಲ ತೆಗೆದುಕೊಂಡು ಬಸ್ಸಿನಲ್ಲಿ ಜೇವರ್ಗಿಗೆ ಹೋಗಿ ದಾಲ್ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ. ನೀನು ಶೆಡ್ಡಿಗೆ ಬೀಗ ಹಾಕಿದೆ. ಆ ಸಂಜೆಯ ಮೇಲೆ ಗಾಡಿಯನ್ನು ಯಾರೂ ಓಡಿಸಲಿಲ್ಲ, ನಾನು ಚೌಡಾಪುರಕ್ಕೆ ಓಡಿಸುವ ತನಕ.

ಅಂದರೆ ಮೀಟರಿನ ಕಿಟಕಿಯಲ್ಲಿ ಇದ್ದದ್ದು ಆ ಸಂಜೆಯ ಅಂಕಿಯೇ.

ಮೀಟರನ್ನು ಹೊರಗೆ ತೆಗೆಸಿದೆ. ಲಾಡ್ಲೆಸಾಬನ ಮನೆಯೂ ಅಂಗಡಿಯೂ ಒಂದೇ. ಮುಂದಿನ ಕೋಣೆಯಲ್ಲಿ ಅವನ ಹೆಂಡತಿ ಮಸರತ ಬಟ್ಟೆ ಹೊಲಿಯುತ್ತಾಳೆ. ಗಾಜಿನ ಸುತ್ತಲಿನ ತಗಡಿನ ಬಳೆಯನ್ನು ಅವನು ಸ್ಕ್ರೂಡ್ರೈವರಿನಿಂದ ಹೊಡೆಯುತ್ತಿದ್ದಾಗ ಒಳಗಿನಿಂದ ಕೇಳಿದಳು: "ಮೀಟರ್ ಬಿಚ್ಚಾಕತ್ತೀರೋ, ತೆಂಗಿನಕಾಯಿ ಸುಲಿಯಾಕತ್ತೀರೋ?" ಆಮೇಲೆ ಎದ್ದು ಬಂದು ತನ್ನ ಚಿಮಟಾ ಮತ್ತು ಹೊಲಿಗೆ ಯಂತ್ರದ ಎಣ್ಣೆ ನನ್ನ ಕೈಗೆ ಕೊಟ್ಟಳು. "ನೀವೇ ಮಾಡ್ರಿ ಅಕ್ಕಾ. ಇವರ ಕೈಗಿ ಲಾರಿ ಆದ್ರ ಛಲೋ."

ಒಳಗೆ ಏನಿದೆ ಎಂದು ನೀನೂ ನೋಡಬೇಕಿತ್ತು. ಹಲ್ಲುಗಾಲಿಗಳ ಪೆಟ್ಟಿಗೆಯಿಂದ ಒಂದು ತಂತಿ ತಿರುಗುತ್ತಾ ಬರುತ್ತದೆ. ಅದೇ ತಂತಿ ಎರಡು ಕೆಲಸ ಮಾಡುತ್ತದೆ. ಒಂದು, ಮುಳ್ಳನ್ನು ಆಡಿಸುವುದು. ಇನ್ನೊಂದು, ಗುಂಡಿಯಷ್ಟೇ ಇರುವ ಒಂದು ಪ್ಲಾಸ್ಟಿಕ್ಕಿನ ಹಲ್ಲುಗಾಲಿಯ ಮೂಲಕ ಅಂಕಿಯ ಚಕ್ರಗಳನ್ನು ತಿರುಗಿಸುವುದು. ಮುಳ್ಳು ಆಡುತ್ತಿದೆ, ಅಂಕಿ ನಿಂತಿದೆ ಅಂದರೆ ತಪ್ಪು ತಂತಿಯದಲ್ಲ, ಆ ಪುಟ್ಟ ಗಾಲಿಯದು. ಮುಳ್ಳು ಆಡುತ್ತಿದ್ದರೆ ಓಡಿಸುವವನಿಗೆ ಏನೂ ಕೆಟ್ಟಂತೆ ಕಾಣುವುದೂ ಇಲ್ಲ.

ಅಂಕಿಯ ಚಕ್ರಗಳು ಒಂದೇ ಸರಳಿನ ಮೇಲೆ ಸಾಲಾಗಿ ಕೂತಿವೆ. ಬಲತುದಿಯದು ಒಂದು ಸುತ್ತು ಮುಗಿಸಿದಾಗ ಪಕ್ಕದ್ದನ್ನು ಒಂದು ಅಂಕಿ ಎತ್ತುತ್ತದೆ. ದಿನವೆಲ್ಲ ಅದಕ್ಕೆ ಹಗುರ ಕೆಲಸ. ಹತ್ತಕ್ಕೊಮ್ಮೆ ಒಂದು ಚಕ್ರವನ್ನು ಎತ್ತಬೇಕು, ನೂರಕ್ಕೊಮ್ಮೆ ಎರಡನ್ನು. ಆದರೆ ಒಂಬತ್ತುಗಳೆಲ್ಲ ಸಾಲಾಗಿ ನಿಂತಾಗ, ಅದೊಂದೇ ಚಕ್ರ ಉಳಿದ ಎಲ್ಲವನ್ನೂ ಏಕಕಾಲಕ್ಕೆ ಎತ್ತಬೇಕು. ಆ ಭಾರವೆಲ್ಲ ಬೀಳುವುದು ಪ್ಲಾಸ್ಟಿಕ್ಕಿನ ಗಾಲಿಯ ಮೇಲೆ. ವರ್ಷಗಳ ಬಿಸಿಲಿಗೆ ಅದು ಹಪ್ಪಳದ ಹಾಗೆ ಆಗಿದೆ. ಉಗುರಿನಿಂದ ಒತ್ತಿದರೆ ಮುರಿಯುತ್ತದೆ.

ಮೀಟರನ್ನು ಮಗುಚಿದಾಗ ಒಳಗಿನಿಂದ ಎರಡು ಹಲ್ಲು ಉದುರಿದವು, ಜೋಳದ ನುಚ್ಚಿನ ಹಾಗೆ. ಬೆಳಕಿಗೆ ಹಿಡಿದು ಅಂಕಿಗಳನ್ನು ನೋಡಿದೆ. ಅವು ಒಂಬತ್ತುಗಳಲ್ಲ ಅವ್ವ. ನಾಲ್ಕೂ ಒಂಬತ್ತು ಅರ್ಧ ಮೇಲೆದ್ದಿವೆ, ಕೆಳಗಿನಿಂದ ನಾಲ್ಕೂ ಸೊನ್ನೆಗಳ ನೆತ್ತಿ ಕಾಣುತ್ತಿದೆ. ಆರು ಕೂಡ ಎದ್ದು ನಿಂತಿದೆ. ಎಪ್ಪತ್ತು ಸಾವಿರ ಆಗಲು ಹೊರಟು, ಆಗುವ ಮೊದಲೇ ಹಲ್ಲು ಮುರಿದಿದೆ. ಶೆಡ್ಡಿನ ಮಂದ ದೀಪದಲ್ಲಿ ನೀನು ಓದಿದ್ದು 69999. ಅರ್ಧ ಅರ್ಧ ಕಂಡಾಗ ಕಡಿಮೆಯದನ್ನೇ ಬರೆಯುವುದು ನಿನ್ನ ಪದ್ಧತಿ.

ನಿಂತ ಗಾಡಿಯಲ್ಲಿ ಅದು ಮುರಿಯಲಾರದು. ಓಡುತ್ತಿದ್ದಾಗಲೇ ಮುರಿಯಬೇಕು. ನಮ್ಮ ಶೆಡ್ಡಿನಿಂದ ಸುಮಾರು ಹನ್ನೆರಡು ಕಿಲೋಮೀಟರು ಓಡಿದ ಮೇಲೆ ಮುರಿದಿದೆ. ಅಲ್ಲಿಂದಾಚೆಗೆ ಗಾಡಿ ಎಷ್ಟು ಓಡಿತೋ ಮೀಟರಿಗೆ ಗೊತ್ತಿಲ್ಲ. ನೀನು ಅಂದದ್ದೇ ನಿಜವಾಗಬೇಕಾದರೆ, ಅಪ್ಪ ತಿರುಗಿ ಬಂದು ಸರಿಯಾಗಿ ನಮ್ಮ ಶೆಡ್ಡಿನ ಬಾಗಿಲಲ್ಲಿ ಅದು ಮುರಿದಿರಬೇಕು. ಹಾಗೂ ಆಗಬಾರದೆಂದಿಲ್ಲ.

ಇಲ್ಲಿ ನಾನು ಸರಿಯಾಗಿ ಬರೆಯಬೇಕು. ಅಪ್ಪ ಹಿರೋಳ್ಳಿಗೆ ಹೋಗಿದ್ದ ಎಂದು ಈ ಮೀಟರು ಹೇಳುವುದಿಲ್ಲ. ಹೋಗಿರಲಿಲ್ಲ ಎಂದೂ ಅದು ಯಾವತ್ತೂ ಹೇಳಿರಲಿಲ್ಲ. ಅಷ್ಟೇ ನನಗೆ ಗೊತ್ತಾದದ್ದು.

ರಿಪೇರಿಯ ಮಾತು. ಮೊದಲು ಲಾಡ್ಲೆಸಾಬ ಮುರಿದ ಹಲ್ಲುಗಳನ್ನು ಅಂಟಿನಿಂದ ಕೂಡಿಸಿದ. "ಇನ್ನ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನ್ ಆಗಂಗಿಲ್ರಿ" ಅಂದ. ಬಸ್ ನಿಲ್ದಾಣ ದಾಟುವುದರೊಳಗೆ ಮತ್ತೆ ಮುರಿಯಿತು. ಮಸರತ ಹೊಲಿಗೆ ನಿಲ್ಲಿಸದೆಯೇ "ಮೊಮ್ಮಕ್ಕಳು ಲಗೂನ ಬಂದ್ರು" ಅಂದಳು. ಆಮೇಲೆ ಬೇರೊಂದು ಹಳೆಯ ಗಾಡಿಯ ಮೀಟರಿನ ಹಲ್ಲುಗಾಲಿ ತರಿಸಿ ಕೂಡಿಸಿದೆವು. ಈಗ ಚೆನ್ನಾಗಿ ತಿರುಗುತ್ತದೆ. ತಂತಿಯನ್ನು ಬೆರಳಿನಿಂದ ತಿರುಗಿಸಿದರೆ ಚಕ್ರಗಳು ಒಂದನ್ನೊಂದು ಎತ್ತುವುದನ್ನು ಎಷ್ಟು ನೋಡಿದರೂ ನನಗೆ ಸಾಕಾಗಲಿಲ್ಲ.

ಮುಚ್ಚುವ ಮೊದಲು ಒಂದು ಅಂಕಿಗೆ ತಂದು ನಿಲ್ಲಿಸಬೇಕು. ಯಾವುದಕ್ಕೆ ಎಂದು ಲಾಡ್ಲೆಸಾಬ ದಿನಾ ಕೇಳುತ್ತಾನೆ. ಗಾಡಿ ನಿಜವಾಗಿ ಎಷ್ಟು ಓಡಿದೆಯೋ ಅಷ್ಟಕ್ಕೆ ಎಂದು ನಾನು ಹೇಳಬಹುದು. ಆದರೆ ಹಿರೋಳ್ಳಿಗೆ ಹೋಗಿಬಂದ ದಾರಿಯನ್ನು ಕೂಡಿಸಬೇಕೋ ಬೇಡವೋ? ಅದನ್ನು ನಾನು ಹೇಳಲಾರೆ. ಆ ಅಂಕಿ ಬರೆದವಳು ನೀನು. ನೀನು ಹೇಳಿದ ಅಂಕಿ ಇಡುತ್ತೇನೆ. 69999 ಅಂದರೆ ಅದನ್ನೇ ಇಟ್ಟು ಗಾಡಿ ಮಾರುತ್ತೇನೆ. ಅಕ್ಷತೆಯ ಹೊತ್ತಿಗೆ ನಿನ್ನ ಪಕ್ಕದಲ್ಲಿ ಅಪ್ಪನ ಬದಲು ಮಾಮ ನಿಲ್ಲಲಿ ಎಂದು ನೀನು ಹೇಳಿದ್ದಕ್ಕೂ ಮತ್ತೆ ಎದುರಾಡುವುದಿಲ್ಲ.

ಇನ್ನೂ ಒಂದು ಬರೀ ಕುತೂಹಲ. ನಮ್ಮ ಮನೆಯಿಂದ ಹಿರೋಳ್ಳಿಯ ದಾರಿಯಲ್ಲಿ ಹನ್ನೆರಡು ಕಿಲೋಮೀಟರಿಗೆ ಏನು ಬರುತ್ತದೆ? ನಾನು ಆ ದಾರಿಯಲ್ಲಿ ಹೋಗದೆ ಬಹಳ ದಿನವಾಯಿತು.

ನಿನ್ನ ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಮರೆಯಬೇಡ.

ನಿನ್ನ ಮಗಳು,
ಮಧುಮತಿ

ಮರೆತಿದ್ದಲ್ಲ, ಕೊನೆಗೆ ಇಟ್ಟಿದ್ದೆ: ಆ ಹಲ್ಲುಗಾಲಿ ಜೇವರ್ಗಿಯಿಂದ ಬಂದದ್ದು. ಮಿಲ್ಲಿನ ಹಿಂದೆ ಕೆಟ್ಟು ನಿಂತ ಅಂಥದೇ ಒಂದು ಗಾಡಿ ಇದೆ. ಅಪ್ಪನೇ ಬಿಚ್ಚಿ ಕೊಟ್ಟ. ನಮ್ಮ ಮೀಟರಿನ ಅಂಕಿ ನಿಂತಿದೆ ಎಂದಷ್ಟೇ ಹೇಳಿದ್ದೆ. ಯಾವಾಗ, ಎಲ್ಲಿ ಎಂದು ಅವನು ಕೇಳಲಿಲ್ಲ. "ಅಂಕಿ ನೋಡೋದು ನಿಮ್ಮವ್ವನ ಕೆಲಸ. ನನ್ನ ಕೆಲಸ ದಾರಿ ನೋಡೋದು" ಅಂದ. ಒಂಬತ್ತುಗಳ ವಿಷಯ ಅವನಿಗೆ ಇನ್ನೂ ಗೊತ್ತಿಲ್ಲ. ಹೇಳುವುದಾದರೆ ಅದು ನೀನು ಹೇಳಬೇಕಾದ ಮಾತು.


ಆಳಂದ
10-1-2025

ಮಧು,

ಆಶೀರ್ವಾದ. ನಿನ್ನ ಪತ್ರ ಮುಟ್ಟಿತು. ಪೂರ್ತಿ ಓದಿದೆ. ಹರಿದಿಲ್ಲ.

ನನ್ನದು ತಪ್ಪಾಗಿದೆ ಎಂದು ನೀನು ಎಲ್ಲಿಯೂ ಬರೆದಿಲ್ಲ. ನಾನೂ ಬರೆಯುವುದಿಲ್ಲ. ಮೀಟರಿನಿಂದ ಅರ್ಧವೇ ಗೊತ್ತಾಗುತ್ತದೆ ಎಂದು ನೀನೇ ಹೇಳಿದ್ದೀ.

ಹನ್ನೆರಡು ಕಿಲೋಮೀಟರಿಗೆ ಏನಿದೆ ಎಂದು ಕೇಳಿದ್ದೀ. ಅದು ನನಗೆ ಗೊತ್ತಿಲ್ಲ. ಐದು, ಆರು ಕಿಲೋಮೀಟರಿನ ನಡುವೆ ಏನಿದೆ ಎಂಬುದು ಗೊತ್ತು. ನಿಮ್ಮಪ್ಪ ಜೇವರ್ಗಿಗೆ ಹೋದ ಮರುವಾರ ನಾನು ಬಸ್ಸಿನಲ್ಲಿ ಹೋಗಿ ಇಳಿದು ನೋಡಿದ್ದೆ. ಒಂದು ಚಹಾದ ಅಂಗಡಿಯಾದರೂ ಇರಬೇಕು, ಇಸ್ಪೀಟು ಆಡುವವರಾದರೂ ಇರಬೇಕು ಎಂದುಕೊಂಡಿದ್ದೆ. ಎರಡೂ ಕಡೆ ತೊಗರಿ ಕೊಯ್ದ ಹೊಲ ಬಿಟ್ಟರೆ ಏನೂ ಇರಲಿಲ್ಲ. ಕೂತು ಹರಟೆ ಹೊಡೆಯಲು ಒಂದು ಗಿಡದ ನೆರಳೂ ಇರಲಿಲ್ಲ. ಮುಂದಿನ ಬಸ್ಸಿಗೆ ತಿರುಗಿ ಬಂದೆ. ಇದನ್ನು ಯಾರಿಗೂ ಹೇಳಿಲ್ಲ. ನೀನೂ ಹೇಳಬೇಡ.

ನಮ್ಮವ್ವ ರಾಶಿ ಬಿಟ್ಟು ಬರುವವಳಲ್ಲ. ಅದೂ ನನಗೆ ಗೊತ್ತಿತ್ತು.

ಅಂಕಿ ಆ ಬೆಳಗಿನ 69988ಕ್ಕೆ ಇಡು. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಗಾಡಿಯನ್ನು ಓಡಿಸಿಕೊಂಡು ಬರಬೇಡ, ಅಂಕಿ ಮುಂದೆ ಹೋಗುತ್ತದೆ. ಲಾರಿಯ ಮೇಲೆಯೇ ಹೇರಿಸಿ ತಂದು ಶೆಡ್ಡಿನಲ್ಲಿ ಇಳಿಸು. ಲಾಡ್ಲೆಸಾಬನಿಗೆ ಹುಚ್ಚು ಅನ್ನಿಸಿದರೆ ಅನ್ನಿಸಲಿ.

ಸಂಕ್ರಮಣದ ನಂತರದ ರವಿವಾರ ಮಿಲ್ಲಿಗೆ ರಜೆ ಇರುತ್ತದಂತೆ. ಬೆಳಗಿನ ಬಸ್ಸಿಗೆ ಬಾ ಎಂದು ನಿಮ್ಮಪ್ಪನಿಗೆ ತಿಳಿಸು. ಬುತ್ತಿ ಬೇಡ, ನಾನು ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಳ್ಳುತ್ತೇನೆ. ಅವರು ಓಡಿಸಲಿ. ನಾನು ಮುಂದೆ ಕೂರುತ್ತೇನೆ, ನೀನು ಹಿಂದೆ ಕೂರು. ಹಿರೋಳ್ಳಿಗೆ ಹೋಗಿ, ಅವ್ವನ ಗದ್ದುಗೆಗೆ ಕಾಯಿ ಒಡೆದು ಬರೋಣ. ಆ ಒಂಬತ್ತುಗಳು ಯಾವ ಜಾಗದಲ್ಲಿ ಮೇಲೇಳುತ್ತವೆ ಎಂದು ನನ್ನ ಕಣ್ಣಿನಿಂದ ನೋಡಬೇಕು. ಬಂದ ಮೇಲೆ ನಾನೇ ಓದಿ ಬರೆಯುತ್ತೇನೆ. ಒಂಬತ್ತುಗಳ ವಿಷಯ ಏನಾದರೂ ಹೇಳುವುದಿದ್ದರೆ ದಾರಿಯಲ್ಲಿ ಹೇಳುತ್ತೇನೆ. ನೀನು ಮುಂಚಿತವಾಗಿ ಏನನ್ನೂ ಹೇಳಬೇಡ.

ಗಾಡಿ ಮಾರುವ ಮಾತು ಮದುವೆ ಆದ ಮೇಲೆ ನೋಡೋಣ. ಅಡುಗೆಯ ಒಲೆ ಅಂಗಳದಲ್ಲಿ ಹೂಡಿದರೂ ಆಗುತ್ತದೆ.

ಮೊಣಕಾಲು ಪರವಾಗಿಲ್ಲ.

ನಿಮ್ಮವ್ವ,
ಶಿವಗಂಗಾ

ತಾ.ಕ.: ಮದುವೆಗೆಂದು ಕಳೆದ ವಾರ ಶೆಡ್ಡಿಗೆ ಸುಣ್ಣ ಹೊಡೆಸಿದೆ. ಆ ಎರಡು ಅಂಕಿಗಳ ಮೇಲೆ ಮಾತ್ರ ಹೊಡೆಸಲಿಲ್ಲ. ಆಗ ನಿನ್ನ ಪತ್ರ ಇನ್ನೂ ಬಂದಿರಲಿಲ್ಲ. ಈಗ ನೋಡಿದರೆ ಅವುಗಳ ಕೆಳಗೆ ಇನ್ನೊಂದು ಬರೆಯುವಷ್ಟು ಹಳೆಯ ಗೋಡೆ ಉಳಿದಿದೆ.