ನಲವತ್ತು ಕಿಲೋ ಹೆಚ್ಚು

ಮಾರ್ಚ್ ೧೪, ಗುರುವಾರ. ಲೇರ್, ಜರ್ಮನಿ.

ಡೆಟ್ಲೆಫ್ ಮಾವನ ನಗು ಇನ್ನೂ ಕಿವಿಯಲ್ಲೇ ಇದೆ. ಇವತ್ತು ವ್ಯಾನಿನ ಅಂಗಡಿಯಲ್ಲಿ, ಅಜ್ಜನ ಹೊಸ ಕ್ಯಾಂಪರ್ ವ್ಯಾನಿನ ಆರ್ಡರ್ ಪಟ್ಟಿಯಲ್ಲಿ ಮಾವ ಕಂಡದ್ದಕ್ಕೆಲ್ಲ ಟಿಕ್ ಹಾಕಿಸಿದ: ಪಕ್ಕದ ಬಿಸಿಲುಮರೆ, ಚಾವಣಿಯ ಏಸಿ, ಟಿವಿ ಡಿಶ್, ಇನ್ನೊಂದು ಬ್ಯಾಟರಿ. ನಾನು ಒಂದೊಂದರ ತೂಕ ಕೂಡಿಸುತ್ತಾ ಕೂತೆ. ನೀರು, ಸಾಮಾನು, ಅಜ್ಜ, ನಾನು ಎಲ್ಲ ಸೇರಿದರೆ ಮೂರೂವರೆ ಟನ್ನಿನ ಮಿತಿಗಿಂತ ನಲವತ್ತು ಕಿಲೋ ಹೆಚ್ಚು.

ಕಾಗದದಲ್ಲಿ ಮಿತಿ ಏರಿಸಿಕೊಡುತ್ತೇನೆ ಎಂದ ಅಂಗಡಿಯವನು. ಅಜ್ಜನ ಹಳೇ ಲೈಸೆನ್ಸಿಗೆ ಅದು ನಡೆಯುತ್ತದೆ, ಆದರೆ ಸಂಜೆಯಾದರೆ ಅವನಿಗೆ ರಸ್ತೆ ಕಾಣುವುದಿಲ್ಲ. ನಾರ್ವೆಯವರೆಗೆ ಓಡಿಸಬೇಕಾದವಳು ನಾನು. ನನ್ನ ಲೈಸೆನ್ಸು ಮೂರೂವರೆ ಟನ್ನಿಗೇ ಮುಗಿಯುತ್ತದೆ.

“ಶಾಲೆ ಬಿಟ್ಟೋಳು ಲೆಕ್ಕದ ಮೇಡಂ ಆಗ್ಬಿಟ್ಳು!” ಅಂದ ಮಾವ. “ಮಿತಿ ಹಾಗೇ ಇರ್ಲಿ ಬಿಡೇ. ದಾರೀಲಿ ಯಾರು ತಕ್ಕಡಿ ಹಿಡ್ಕೊಂಡು ಕೂತಿರ್ತಾರೆ?”

“ಯಾರೂ ತೂಗ್ದೆ ಇದ್ರೂ ಭಾರ ಅಷ್ಟೇ ಇರುತ್ತೆ, ಮಾವ. ಏಸಿ, ಡಿಶ್ ತೆಗೀರಿ. ಇಲ್ಲಾಂದ್ರೆ ನಾನು ಓಡ್ಸಲ್ಲ.”

ಅಜ್ಜ, ಶನಿವಾರ ಸಹಿ ಹಾಕುತ್ತೇನೆಂದು ಎದ್ದುಬಿಟ್ಟ. ಕಾರಿನಲ್ಲಿ ಕೇಳಿದ, “ಫ್ರೌಕೆ, ನಿನ್ನ ತೂಕ ಎಷ್ಟೇ?”

“ಅರವತ್ತೆರಡು.”

“ಏಸಿಗಿಂತ ನೀನೇ ಭಾರ ಕಣೇ!” ನಕ್ಕ.

ನನಗೆ ನಾರ್ವೆ ಬೇಕು. ಇನ್ನೊಂದು ಬೇಸಿಗೆ ಈ ಊರಲ್ಲೇ ಕೂತರೆ ಹುಚ್ಚು ಹಿಡಿಯುತ್ತದೆ, ಅದೂ ನಿಜ. ಆದರೂ ಸುಳ್ಳು ತೂಕದ ಗಾಡಿಯ ಸ್ಟೀರಿಂಗ್ ನಾನು ಮುಟ್ಟುವುದಿಲ್ಲ. ಅಜ್ಜ ಏಸಿಯನ್ನೇ ಆರಿಸಿಕೊಂಡರೆ ಆರಿಸಿಕೊಳ್ಳಲಿ. ಅವನ ವ್ಯಾನು ಮನೆ ಮುಂದೆ ತಂಪಾಗಿ ನಿಂತಿರಲಿ. ನಾನು ಸೈಕಲ್ಲಿನಲ್ಲೇ ಹೊರಡುತ್ತೇನೆ, ಎಷ್ಟು ವಾರ ಹಿಡಿದರೂ ಸರಿ, ಮೊದಲು ಡೆನ್ಮಾರ್ಕ್, ಅಲ್ಲಿಂದ ಹಡಗು, ಆಮೇಲೆ ನಾರ್ವೆ.