ಬೂದಿನೀರಿಗೆ ಅದ್ದಿದ ಕೈ

ಕ್ಲೋದೀನ್,

ಸೌಕಾರರ ಹತ್ತಿರ ಹೋಗುತ್ತಿದ್ದೇನೆ. ನೀನು ಎದುರಿಗಿದ್ದರೆ ಬಾಯಿಗೆ ಬಂದದ್ದೆಲ್ಲ ಅಂದುಬಿಡುತ್ತೇನೆ ಅಂತ ಬರೆದಿಡುತ್ತಿದ್ದೇನೆ.

ಚರ್ಮ ಒಡೆಯುತ್ತದೆ, ಬಟ್ಟೆ ಒಗೆಯುವ ಬೂದಿನೀರಿಗೆ ಕೈ ಹಾಕಬೇಡ ಅಂತ ಎಷ್ಟು ಬಡಕೊಂಡೆ! ರೇಷ್ಮೆ ಎಳೆಗೆ ಗಂಟು ಹಾಕುವ ನಿನ್ನ ಕೈ ನುಣ್ಣಗಿರಲಿ ಅಂತ ತಾನೇ, ಕೆಲಸದವಳು ನೀನಿದ್ದರೂ ಪಾತ್ರೆ, ಬಟ್ಟೆ ಎಲ್ಲ ನಾನೇ ತೊಳೆಯುವುದು? ನೀನೋ, ಕದ್ದು ಹಾಸಿಗೆ ಬಟ್ಟೆಯನ್ನೆಲ್ಲ ಒಗೆದೆ. "ಪಾಪ, ಅಮ್ಮಾವ್ರಿಗೆ ಸೊಂಟ ನೋವು" ಅಂದೆಯಂತೆ ಪಕ್ಕದ ಮನೆಯವಳಿಗೆ. ಪಾಪವಂತೆ ಪಾಪ! ಆಮೇಲೆ ಆ ಬಿರುಕುಬಿಟ್ಟ ಬೆರಳಲ್ಲೇ ಮಗ್ಗ ಮುಟ್ಟಿದೆ. ಸೌಕಾರರು ನೇಯಲು ಕೊಟ್ಟ ಮದುವೆಯ ಬಿಳಿ ರೇಷ್ಮೆ ಬೆಕ್ಕು ಪರಚಿದ ಹಾಗಾಗಿದೆ. ಬೆಳಿಗ್ಗೆ "ಕೈಗೇನಾಯ್ತೇ?" ಅಂದರೆ "ಏನಿಲ್ಲಮ್ಮ, ಚಳಿ" ಅಂದೆಯಲ್ಲ, ಕಳ್ಳಿ!

ಒಲೆಯ ಪಕ್ಕ ಬಾತುಕೋಳಿಯ ಕೊಬ್ಬು ಇಟ್ಟಿದ್ದೇನೆ. ಕೈಗೆ ದಪ್ಪಗೆ ಬಳಿದುಕೋ. ಗಂಜಿ ಬಿಸಿ ಮಾಡಿಕೊಂಡು ಕುಡಿ. ಪಾತ್ರೆ ಮುಟ್ಟಿದೆಯೋ, ಇದೆ ನಿನಗೆ.

ರೇಷ್ಮೆ ಕೆಡಿಸಿದವಳು ನಾನು ಅಂತಲೇ ಸೌಕಾರರಿಗೆ ಹೇಳುತ್ತೇನೆ. ನಿನ್ನ ಹೆಸರು ಬಂದರೆ ಲಿಯೋನ್ ಪಟ್ಟಣದ ಯಾವ ನೇಕಾರನೂ ನಿನ್ನನ್ನು ಮನೆಗೆ ಸೇರಿಸುವುದಿಲ್ಲ. ಅವರ ಕಡೆಯವರು ಬಂದು ಕೇಳಿದರೆ ಏನೂ ಗೊತ್ತಿಲ್ಲ ಅನ್ನು. ಬೆಳಿಗ್ಗೆ ನನ್ನ ಮುಖ ನೋಡಿಕೊಂಡೇ "ಏನಿಲ್ಲಮ್ಮ" ಅಂದೆಯಲ್ಲ, ಹಾಗೇ ಹೇಳು.

ಪೆರ್ನೆಟ್